ಮೀನು ಮುಟ್ಟದ ಮೀನು

ನಮ್ಮ ಮನೆಗೆ ಗೇಟಿರಲಿಲ್ಲ. ಹಿರಿಯೂರಿನಲ್ಲಿ ಹೊಸ ಮನೆ ಕಟ್ಟಿಸಿದವರ ಗೇಟು, ಕಿಟಕಿಯ ಗ್ರಿಲ್ಲು, ಮಹಡಿಯ ಕಂಬಿಗಳಿಗೆಲ್ಲ ಬಣ್ಣ ಹಾಕುತ್ತಿದ್ದವನು ನನ್ನ ಅಪ್ಪ. ನಮ್ಮ ಮನೆಯ ಮುಂದೆ ಮಾತ್ರ ಎರಡು ಕಲ್ಲುಕಂಬ, ನಡುವೆ ಅಡ್ಡಲಾಗಿ ಒಂದು ಬಿದಿರು. ಹೆದ್ದಾರಿ ಪಕ್ಕದ ಶೆಡ್ಡಿನಲ್ಲಿ ಅವನ ಕೆಲಸ. ಅದು ಬ್ರಷ್ಷಿನಿಂದ ಬಳಿಯುವ ಬಣ್ಣವಲ್ಲ, ಪೌಡರ್ ಕೋಟಿಂಗ್. ಮೈದಾ ಹಿಟ್ಟಿನಷ್ಟು ನುಣುಪಾದ ಬಣ್ಣದ ಪುಡಿಯನ್ನು ಕಬ್ಬಿಣದ ಮೇಲೆ ಊದಿ, ಆಳೆತ್ತರದ ಭಟ್ಟಿಯೊಳಗೆ ತಳ್ಳಿ ಬೇಯಿಸಿದರೆ ಪುಡಿ ಕರಗಿ, ಹೊಳೆಯುವ ಗಟ್ಟಿ ಪದರವಾಗಿ ಕೂತುಬಿಡುತ್ತದೆ. ಸಂಜೆ ಅಪ್ಪ ಮನೆಗೆ ಬಂದಾಗ ಅವನ ಕಿವಿಯ ಹಿಂದೆ ಆ ದಿನದ ಗೇಟಿನ ಬಣ್ಣ ಅಂಟಿಕೊಂಡಿರುತ್ತಿತ್ತು. ನಾನು ಮತ್ತು ನನ್ನ ತಂಗಿ ನೀಲ, ಅವನು ಜಗಲಿಯ ಮೇಲೆ ಕೂರುವುದನ್ನೇ ಕಾದಿದ್ದು ಕಿವಿ ಬಗ್ಗಿಸಿ ನೋಡಿ "ಇವತ್ತು ಹಸಿರು", "ಇವತ್ತು ಕೆಂಪು" ಎಂದು ಕೂಗುತ್ತಿದ್ದೆವು. ನೀಲನಿಗೆ ಮಾತು ಬಂದದ್ದೇ ಹಾಗೆ. "ಅಮ್ಮ" ಎನ್ನುವುದಕ್ಕಿಂತ ಮುಂಚೆ ಆ ಮಗು "ಕೆಂಪು" ಎಂದಿತ್ತು. ಹೊತ್ತು ಹೆತ್ತವಳು ನಾನು, ಮೊದಲ ಮಾತು ಮಾತ್ರ ಬಣ್ಣದ್ದು ಎಂದು ಅಮ್ಮ ಬೀದಿಯ ಹೆಂಗಸರ ಮುಂದೆ ಹುಸಿಮುನಿಸು ತೋರಿಸುತ್ತಿದ್ದಳು. ಅದು ನಮ್ಮ ಮನೆ ನಗುತ್ತಿದ್ದ ಕಾಲ. ಅದನ್ನು ಮೊದಲು ಹೇಳಿಬಿಟ್ಟಿದ್ದೇನೆ, ಯಾಕೆಂದರೆ ಮುಂದೆ ಹೇಳಲಿಕ್ಕೆ ಅಂಥದ್ದು ಹೆಚ್ಚಿಲ್ಲ.

ಮನೆ ಎಂದರೆ ಒಂದರ ಹಿಂದೆ ಒಂದು ಮೂರು ಕೋಣೆ. ಮುಂದೆ ಪಡಸಾಲೆ, ಆಮೇಲೆ ನಡುಮನೆ, ಆಮೇಲೆ ಅಡುಗೆಮನೆ. ಅದರಾಚೆ ಹಿತ್ತಲು, ಹಿತ್ತಲ ಮೂಲೆಗೆ ಬಚ್ಚಲುಮನೆ. ನಡುಮನೆ ಅಜ್ಜಿಯ ರಾಜ್ಯ. ಅಪ್ಪನ ತಾಯಿ ಆಕೆ. ಬೆಳಗ್ಗೆ ಸ್ನಾನ ಮಾಡಿ, ಮೂರು ಬೆರಳು ವಿಭೂತಿ ಎಳೆದುಕೊಂಡು, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತರೆ ನಾವು ಕೆಮ್ಮುವುದಕ್ಕೂ ಹಿತ್ತಲಿಗೆ ಹೋಗಬೇಕಿತ್ತು. ಲಿಂಗ ಕಟ್ಟಿದ ಮನೆ, ಮೀನು ಮಾಂಸದ ಹೆಸರನ್ನೂ ಊಟದ ಹೊತ್ತಿನಲ್ಲಿ ಎತ್ತುವಂತಿರಲಿಲ್ಲ. ಯಾರ ಮನೆಯ ಪಾತ್ರೆ ಯಾವುದು, ಯಾವ ನೀರು ಎಲ್ಲಿಂದ ಬಂತು, ಯಾರು ಏನು ಮುಟ್ಟಿ ಬಂದರು ಎಂಬುದೆಲ್ಲ ಆಕೆಗೆ ಕೂತಲ್ಲೇ ಗೊತ್ತಾಗುತ್ತಿತ್ತು. ಅದೇ ನಡುಮನೆಯಲ್ಲಿ, ಮನೆಗಿದ್ದ ಒಂದೇ ಒಂದು ದೊಡ್ಡ ಪ್ಲಗ್ಗಿನ ಪಕ್ಕ, ಅಮ್ಮನ ಓವನ್ ಇತ್ತು. ಗುಂಡಗಿನ ಅಲ್ಯುಮಿನಿಯಂ ಡಬ್ಬ, ಮುಚ್ಚಳದಲ್ಲಿ ಇಣುಕಿ ನೋಡಲು ಗಾಜಿನ ಬಿಲ್ಲೆ. ಹೊಸದುರ್ಗದ ತವರಿನಿಂದ ಅಮ್ಮ ಕೇಳಿ ತಂದುಕೊಂಡಿದ್ದ ಒಂದೇ ವಸ್ತು ಅದು. ಅದರಲ್ಲಿ ಅವಳು ಖಾರದ ಬಿಸ್ಕತ್ತು ಬೇಯಿಸುತ್ತಿದ್ದಳು. ಕರಿಬೇವು, ಹಸಿಮೆಣಸಿನಕಾಯಿ, ಬೆಣ್ಣೆಯ ಘಮ ಬಿದಿರಿನ ಅಡ್ಡಗೋಲನ್ನು ದಾಟಿ ಬೀದಿಗೆ ಹೋಗುತ್ತಿತ್ತು.

ಸೀಸ ಮನೆಗೆ ಬಂದದ್ದು ಖಲೀಲ್ ಸಾಬರಿಂದ. ಅಪ್ಪನ ಶೆಡ್ಡಿನ ಪಕ್ಕದಲ್ಲೇ ಅವರ ಟೈರ್ ಅಂಗಡಿ. ಮನುಷ್ಯ ಒಳ್ಳೆಯವರು, ಆದರೆ ಮೀನಿನ ಹುಚ್ಚು. ಭಾನುವಾರ ಬಂತೆಂದರೆ ಗಾಳ ಕಟ್ಟಿಕೊಂಡು ಮಾರಿಕಣಿವೆಯ ಹಿನ್ನೀರಿಗೆ ಹೊರಟುಬಿಡುತ್ತಿದ್ದರು. ಎರೆಹುಳ, ಹಿಟ್ಟಿನ ಉಂಡೆಗಳಲ್ಲ ಅವರದು. ಲೋಹದ ಸಣ್ಣ ಮೀನನ್ನು ದಾರದ ತುದಿಗೆ ಕಟ್ಟಿ ಬೀಸಿ ಒಗೆದು ಎಳೆಯುವುದು. ಆ ಹೊಳಪಿಗೆ ಮೋಸಹೋಗಿ ನಿಜವಾದ ಮೀನು ಬಾಯಿ ಹಾಕಬೇಕು. ಅಂಥದ್ದು ಕಲ್ಲಿಗೆ ಬಡಿದು ಬಣ್ಣ ಹೋಗಿದೆ, ಭಟ್ಟಿಯಲ್ಲಿ ಒಂದಿಷ್ಟು ಪುಡಿ ಹಾಕಿಕೊಡು ಎಂದು ಅವರು ಕೇಳಿದರು. ಅಪ್ಪ ಹಾಕಿಕೊಟ್ಟ. ಜೀವಮಾನವೆಲ್ಲ ಊರವರ ಗೇಟಿಗೆ ಒಂದೇ ಬಣ್ಣ ಊದಿದ್ದವನಿಗೆ, ಹೆಬ್ಬೆರಳುದ್ದದ ವಸ್ತುವಿನ ಮೇಲೆ ಬೆನ್ನಿಗೊಂದು, ಹೊಟ್ಟೆಗೊಂದು ಬಣ್ಣ ಕೂರಿಸಬಹುದು ಎಂದು ಗೊತ್ತಾದದ್ದೇ ತಡ, ತಲೆ ಕೆಟ್ಟಿತು. ಎರಡು ಬಳಪದ ಕಲ್ಲು ಉಜ್ಜಿ, ಒಳಗೆ ಮೀನಿನ ಆಕಾರ ಕೊರೆದು ಅಚ್ಚು ಮಾಡಿದ. ಕಾರಿನ ಚಕ್ರ ಅದುರದಂತೆ ರಿಮ್ಮಿನ ಅಂಚಿಗೆ ಹೊಡೆಯುವ ಸೀಸದ ತುಂಡುಗಳು ಖಲೀಲ್ ಸಾಬರ ಅಂಗಡಿಯಲ್ಲಿ ಡಬ್ಬಗಟ್ಟಲೆ ಬಿದ್ದಿರುತ್ತಿದ್ದವು. ಹಳೆಯ ಸೌಟಿನಲ್ಲಿ ಅವನ್ನು ಕರಗಿಸಿ, ಅಚ್ಚಿನೊಳಗೆ ಗಾಳದ ಮುಳ್ಳು ಇಟ್ಟು, ಮೇಲೆ ಸುರಿದರೆ ಮೀನು ಸಿದ್ಧ. ಶೆಡ್ಡಿನ ಯಜಮಾನ ಭಟ್ಟಿಯಲ್ಲಿ ಆಟ ಆಡಬೇಡ ಎಂದು ಬೈದ ಮೇಲೆ ಆ ಕೆಲಸ ಮನೆಗೆ ಬಂತು.

ಮನೆಗೆ ಬರಬೇಕಾದರೆ ಅಜ್ಜಿ ಒಪ್ಪಬೇಕು. ಪೂಜೆ ಮುಗಿಸಿ ಪಡಸಾಲೆಗೆ ಬಂದ ಆಕೆಯ ಮುಂದೆ ಅಪ್ಪ ಒಂದು ಸ್ಟೀಲ್ ತಟ್ಟೆ ಇಟ್ಟ. ತಟ್ಟೆಯಲ್ಲಿ ಕೆಂಪು ಬೆನ್ನಿನ, ಬಿಳಿ ಹೊಟ್ಟೆಯ ಒಂದು ಮೀನು, ಬಾಲದ ಹತ್ತಿರ ಬಾಗಿದ ಮುಳ್ಳು. ಅಮ್ಮ ನಡುಮನೆಯ ಹೊಸ್ತಿಲಲ್ಲಿ ಸೌಟು ಹಿಡಿದು ನಿಂತಿದ್ದಳು. ನಾನು ಕಂಬಕ್ಕೆ ಒರಗಿದ್ದೆ.

"ಏನಪ್ಪ ಇದು?" ಅಜ್ಜಿ ಕೇಳಿದಳು.

"ಗಾಳಕ್ಕೆ ಕಟ್ಟೋದು ಕಣವ್ವ. ಸುಳ್ಳು ಮೀನು, ಸೀಸದ್ದು."

"ಮೀನ್ ಮುಟ್ಟೈತಾ?"

"ಇಲ್ಲವ್ವ. ನೀರೇ ನೋಡಿಲ್ಲ ಇದು. ಈಗ ಮಾಡಿದ್ದು."

"ಸೀಸ ಎಲ್ಲೀದು?"

"ಕಾರಿನ ಚಕ್ರದ್ದು."

"ಬಣ್ಣ?"

"ಮಠದ ಗೇಟಿಗೆ ಹಾಕಿದ್ನಲ್ಲ, ಅದೇ ಪುಡಿ."

ಅಜ್ಜಿ ಮುಳ್ಳಿನ ತುದಿ ಬಿಟ್ಟು ಮೀನಿನ ಬೆನ್ನನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಮಠದ ಗೇಟಿನ ಬಣ್ಣ ಎಂದ ಮೇಲೆ ಆಕೆಯ ಮುಖ ಸಡಿಲವಾಯಿತು.

"ಹಂಗಾದ್ರೆ ಇದು ಮೀನಲ್ಲ ಬಿಡು, ಆಟದ ಸಾಮಾನು. ಆದ್ರೆ ನೋಡಪ್ಪ, ಮೀನ್ ಮುಟ್ಟಿ ಬಂದಿದ್ದು ಒಂದೂ ಹಿತ್ತಲ ಗೋಡೆ ದಾಟಂಗಿಲ್ಲ. ಮುಟ್ಟದೇ ಇರೋದನ್ನ ಎಲ್ಲಾದ್ರೂ ಇಟ್ಕ."

"ಅತ್ತೆ, ನಂದೊಂದು ಮಾತು," ಅಮ್ಮ ಹೊಸ್ತಿಲಿನಿಂದಲೇ ಅಂದಳು. "ಅದನ್ನ ಬೇಯಿಸಾಕೆ ನನ್ ಓವನ್ ಕೇಳ್ತಾವ್ರೆ. ಕೆಟ್ಟ ವಾಸ್ನೆ ಬರ್ತೈತೆ ಅದು. ಅದ್ರಾಗೇ ಬಿಸ್ಕತ್ತೂ ಮಾಡ್ಬೇಕಲ್ಲ ನಾನು?"

"ವಾಸ್ನೆಗೆ ಎಲ್ಲೈತೆ ಮೈಲಿಗೆ? ಒರೆಸ್ಕಂಡು ಮಾಡು."

ಅಲ್ಲಿಗೆ ಮಾತು ಮುಗಿಯಿತು. ಆ ತೀರ್ಪನ್ನು ನಾನು ಎಷ್ಟೋ ಸಲ ಮನಸ್ಸಿನಲ್ಲಿ ತಿರುವಿ ಹಾಕಿದ್ದೇನೆ. ಅಜ್ಜಿಯ ಮೇಲೆ ಸಿಟ್ಟು ಬರಬೇಕು, ಬರುವುದಿಲ್ಲ. ಆಕೆ ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ಕೇಳಿದ್ದಳು. ಸೀಸ ಎಲ್ಲಿಂದ ಬಂತು ಎಂದು ಕೂಡ ಕೇಳಿದ್ದಳು! ಆದರೆ ಆಕೆ ಹೆದರುತ್ತಿದ್ದದ್ದು ಮೀನಿಗೆ. ಮೀನನ್ನು ಕಾಯಲು ಕೂತವರ ಕಣ್ಣಿಗೆ ಸೀಸ ಕಾಣಲಿಲ್ಲ. ಮೂಗು ಇದ್ದದ್ದು ಅಮ್ಮನೊಬ್ಬಳಿಗೆ, ಸೊಸೆಯ ಮೂಗಿಗೆ ಆ ಮನೆಯಲ್ಲಿ ಏನು ಬೆಲೆ?

ಬಚ್ಚಲುಮನೆಯ ಹಂಡೆ ಒಲೆಯೇ ಅಪ್ಪನ ಕುಲುಮೆಯಾಯಿತು. ಬೆಳಗ್ಗೆ ಸ್ನಾನಕ್ಕೆ ನೀರು ಕಾಯುತ್ತಿದ್ದ ಹೊತ್ತಿನಲ್ಲೇ ಒಲೆಯ ಬಾಯಲ್ಲಿ ಸೌಟು ಇಟ್ಟು ಸೀಸ ಕರಗಿಸುತ್ತಿದ್ದ. ಆ ಕೋಣೆಗೆ ಕಿಟಕಿಯಿಲ್ಲ, ಗೋಡೆಯ ಮೇಲ್ಗಡೆ ಒಂದು ಬೆಳಕಿಂಡಿ. ಚಳಿಗಾಲಕ್ಕೆ ಮನೆಯಲ್ಲಿ ಬೆಚ್ಚಗಿನ ಜಾಗ ಅದೊಂದೇ ಆಗಿದ್ದರಿಂದ ನೀಲ ಎದ್ದ ಕೂಡಲೇ ಕಂಬಳಿ ಎಳೆದುಕೊಂಡು ಹೋಗಿ ಒಲೆಯ ಮುಂದೆ ಕೂರುತ್ತಿದ್ದಳು. ನಾನು ಸ್ಕೂಲಿಗೆ ಹೊರಡುವ ಗಡಿಬಿಡಿಯಲ್ಲಿ ಎರಡು ಚೊಂಬು ಸುರಿದುಕೊಂಡು ಓಡುತ್ತಿದ್ದೆ, ಅವಳು ಅಲ್ಲೇ. ಬಣ್ಣದ ಕೆಲಸ ಸಂಜೆಗೆ. ಅಪ್ಪ ಮುಳ್ಳನ್ನು ಇಕ್ಕಳದಲ್ಲಿ ಹಿಡಿದು, ಮೀನಿನ ಮೈಯನ್ನು ಸ್ಟವ್ವಿನ ಉರಿಯಲ್ಲಿ ಹೊರಳಿಸಿ ಕಾಯಿಸಿ, ಪುಡಿಯ ಡಬ್ಬಿಯೊಳಗೆ ಒಂದು ಸಲ ಅದ್ದಿ ಎತ್ತುತ್ತಿದ್ದ. ಒಣ ಪುಡಿ ಬಿಸಿಗೆ ಅಂಟಿ ನಮ್ಮ ಕಣ್ಣ ಮುಂದೆಯೇ ಒದ್ದೆಯಾಗಿ ಹೊಳೆಯುತ್ತಿತ್ತು. ಹೆಚ್ಚು ಕಾಯಿಸಿದರೆ ಬಣ್ಣ ಜಾರಿ ಮೂತಿಯ ಹತ್ತಿರ ಗಂಟಾಗುತ್ತದೆ, ಕಡಿಮೆಯಾದರೆ ಹಿಟ್ಟು ಹಿಟ್ಟಾಗಿ ಉಳಿಯುತ್ತದೆ. ದಾರ ಪೋಣಿಸುವ ಕಣ್ಣಿಗೆ ಬಣ್ಣ ತುಂಬಿಕೊಳ್ಳದಂತೆ ಸೂಜಿ ಚುಚ್ಚಿ ತೆಗೆಯಬೇಕು. ಆಮೇಲೆ ಸಾಲಾಗಿ ತಂತಿಗೆ ನೇತುಹಾಕಿ ಅಮ್ಮನ ಓವನ್ನಿನೊಳಗೆ ಇಟ್ಟು ಬೇಯಿಸುವುದು. ಗಾಜಿನ ಬಿಲ್ಲೆಯೊಳಗೆ ಇಣುಕಿದರೆ ಬಣ್ಣದ ಮೀನುಗಳು ಗಾಳಿಯಲ್ಲಿ ಈಜುತ್ತಿರುವಂತೆ ಕಾಣುತ್ತಿತ್ತು. ಕರೆಂಟು ಹೋದರೆ ಎಲ್ಲವೂ ಅರ್ಧಂಬರ್ಧ, ಅಪ್ಪನ ಬಾಯಿಂದ ಬರಬಾರದ ಮಾತುಗಳು ಬರುತ್ತಿದ್ದವು. ಚೆನ್ನಾಗಿದ್ದವು ಆ ಸಂಜೆಗಳು, ಸುಳ್ಳು ಯಾಕೆ ಹೇಳಲಿ.

ಮುಳ್ಳಿರುವ ಮೀನನ್ನು ನೀಲನ ಕೈಗೆ ಕೊಡುವಂತಿರಲಿಲ್ಲ. ಅವಳು ಬಿಡಬೇಕಲ್ಲ? ಅಪ್ಪನ ತೊಡೆ ಹಿಡಿದು ಅತ್ತಳು. ಅಪ್ಪ ಅಚ್ಚಿನೊಳಗೆ ಮುಳ್ಳಿಡದೆ ಅವಳಿಗಾಗಿಯೇ ಒಂದಿಷ್ಟು ಮೀನು ಎರಕ ಹೊಯ್ದ. ಮುಳ್ಳಿಲ್ಲದ ಮೇಲೆ ಇಕ್ಕಳಕ್ಕೆ ಹಿಡಿಯಲು ಏನೂ ಇಲ್ಲ, ತಂತಿಗೆ ನೇತುಹಾಕಲು ಏನೂ ಇಲ್ಲ. ಹಾಗಾಗಿ ಅವಕ್ಕೆ ಬಣ್ಣ ಹಾಕಲಾಗಲಿಲ್ಲ. ಬರಿಯ ಸೀಸ, ಬೂದುಬಣ್ಣದ ಬೋಳು ಮೀನು. ನೀಲ ಅವನ್ನು ತೆಂಗಿನ ಚಿಪ್ಪಿನಲ್ಲಿ ಮಲಗಿಸಿ, ಹೊದಿಸಿ, ಎಬ್ಬಿಸಿ, ಮುದ್ದಿಟ್ಟು, ನೆಕ್ಕಿ ತೊಳೆದು, ಮತ್ತೆ ಮಲಗಿಸುತ್ತಿದ್ದಳು. ರಾತ್ರಿ ನಿದ್ದೆ ಮಾಡುವಾಗಲೂ ಒಂದು ಮುಷ್ಟಿಯಲ್ಲಿ, ಒಂದು ಕೆನ್ನೆಯೊಳಗೆ. ಅಮ್ಮ ಬೆರಳು ಹಾಕಿ ತೆಗೆದರೆ ಅಳು. ಅಜ್ಜಿ ಅವಳಿಗೆ ಒಂದೇ ಒಂದು ಪಾಠ ಕಲಿಸಿದ್ದಳು. ಖಲೀಲ್ ಸಾಬರು ಮತ್ತೆ ಬಣ್ಣಕ್ಕೆಂದು ತಂದುಕೊಡುತ್ತಿದ್ದ ಹಳೆಯ ಮೀನುಗಳು ಹಿತ್ತಲ ಗೋಡೆಯ ಮೇಲೆ ತಗಡಿನ ಕೆಳಗಿರುತ್ತಿದ್ದವು. ಅವನ್ನು ಮಗು ಮುಟ್ಟಬಾರದು. ಅದಕ್ಕೆ ಏನನ್ನು ಕೈಗೆತ್ತಿಕೊಳ್ಳುವ ಮೊದಲೂ ಕೇಳಬೇಕು.

"ಏನಂತ ಕೇಳ್ಬೇಕು ಪುಟ್ಟಿ?"

"ಮೀನ್ ಮುಟ್ಟೈತಾ?"

"ಇಲ್ಲ ಅಂದ್ರೆ?"

"ತಗಬೌದು."

ಮೂರು ವರ್ಷದ ಮಗುವಿನ ಬಾಯಲ್ಲಿ ಅದನ್ನು ಕೇಳಿ ಇಡೀ ಬೀದಿ ನಗುತ್ತಿತ್ತು. ಚಪಾತಿ ಕೊಟ್ಟರೂ ಕೇಳುತ್ತಿದ್ದಳು, ಬಾಳೆಹಣ್ಣು ಕೊಟ್ಟರೂ ಕೇಳುತ್ತಿದ್ದಳು. ಖಲೀಲ್ ಸಾಬರು ಪೆಪ್ಪರ್‌ಮಿಂಟು ತಂದುಕೊಟ್ಟಾಗ ಕೇಳಿದ್ದಕ್ಕೆ ಅವರು ಎರಡೂ ಕೈ ಮುಗಿದು "ಇಲ್ಲ ತಾಯಿ, ಸತ್ಯವಾಗ್ಲೂ ಮುಟ್ಟಿಲ್ಲ" ಎಂದಿದ್ದರು.

ಹಬ್ಬಕ್ಕೆ ಅಮ್ಮ ಬಿಸ್ಕತ್ತು ಮಾಡಿದಳು. ಬಾಯಿಗಿಟ್ಟರೆ ಕರಿಬೇವಿನ ಹಿಂದೆ ಇನ್ನೊಂದು ರುಚಿ, ಸುಟ್ಟ ಪ್ಲಾಸ್ಟಿಕ್ಕಿನಂಥದ್ದು. ಅಮ್ಮ ತಟ್ಟೆಯನ್ನು ಅಪ್ಪನ ಮುಂದೆ ಕುಕ್ಕಿದಳು.

"ತಿನ್ರಿ. ನೀವೇ ತಿನ್ರಿ ಇದನ್ನ."

"ಏನಾಗೈತೆ? ಚೆನ್ನಾಗೇ ಐತಲ್ಲ."

"ನನ್ ತವರ್ನೋರು ಕೊಟ್ಟಿದ್ದು ಅದೊಂದೇ. ಅದನ್ನೂ ಹಾಳ್ ಮಾಡಿದ್ರಿ. ಬೀದೀಲಿ ಯಾರಿಗ್ ಕೊಡ್ಲಿ ಇದನ್ನ?"

ಅಪ್ಪ ಒಂದೊಂದಾಗಿ ಎಲ್ಲ ತಿಂದ. ಅವನಿಗೆ ಸಮಾಧಾನ ಮಾಡಲು ಬರುತ್ತಿದ್ದದ್ದು ಅಷ್ಟೇ. ನೀಲ ಮಾತ್ರ ತಿನ್ನಲಿಲ್ಲ. ಹೊಟ್ಟೆ ಹಿಡಿದುಕೊಂಡು ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು. ನಮಗೆ ನೆನಪಿರುವ ಮಟ್ಟಿಗೆ ಅದೇ ಶುರು.

ಹೊಟ್ಟೆನೋವು ಬಂದು ಹೋಗಿ ಬಂದು ಹೋಗಿ ಮಾಡಿತು. ಜಂತುಹುಳ ಎಂದರು, ಔಷಧಿ ಹಾಕಿದರು. ದೃಷ್ಟಿ ಎಂದರು, ಅಜ್ಜಿ ಮೆಣಸಿನಕಾಯಿ ಸುಟ್ಟು ನಿವಾಳಿಸಿದಳು. ಮಗುವಿನ ತುಟಿ ಬಿಳುಪಾಯಿತು, ಟಾನಿಕ್ ಬಂತು. ನೆಟ್ಟಗೆ ನಡೆಯುತ್ತಿದ್ದವಳು ಹೊಸ್ತಿಲು ಎಡವತೊಡಗಿದಳು. ಸುಮ್ಮಸುಮ್ಮನೆ ಸಿಟ್ಟು, ಅಮ್ಮನ ಕೈ ಕಚ್ಚುವಷ್ಟು. ಒಂದು ಸಂಜೆ ನಾನು ಅಪ್ಪನ ಕಿವಿ ಬಗ್ಗಿಸಿ "ಇವತ್ತು ಯಾವ ಬಣ್ಣ ಹೇಳೇ" ಎಂದಾಗ ಅವಳು ಬಹಳ ಹೊತ್ತು ನೋಡಿದಳು. ಕಿವಿಯ ಹಿಂದೆ ಇದ್ದದ್ದು ಕೆಂಪು. ಅವಳಿಗೆ ಅದರ ಹೆಸರು ಸಿಗಲಿಲ್ಲ. ಅಪ್ಪ ನಕ್ಕು, ನಿದ್ದೆ ಬಂದಿರಬೇಕು ಎಂದ. ನನಗೆ ಯಾಕೋ ಹೆದರಿಕೆಯಾಯಿತು, ಆದರೆ ಹೆದರಿಕೆ ಯಾವುದರದ್ದು ಎಂದು ಹೇಳುವಷ್ಟು ನಾನೂ ದೊಡ್ಡವಳಲ್ಲ. ಅದಾಗಿ ಸ್ವಲ್ಪ ದಿನಕ್ಕೆ ಬಚ್ಚಲುಮನೆಯ ಒಲೆಯ ಮುಂದೆಯೇ ಅವಳ ಕಣ್ಣು ಮೇಲಕ್ಕೆ ಹೋಗಿ, ಕೈಕಾಲು ಸೆಟೆದು, ಬಾಯಲ್ಲಿ ನೊರೆ ಬಂತು. ಅಪ್ಪ ಸೌಟನ್ನು ಒಗೆದು ಅವಳನ್ನು ಎತ್ತಿಕೊಂಡು ಬೀದಿಗೆ ಓಡಿದ. ಖಲೀಲ್ ಸಾಬರು ಅಂಗಡಿಗೆ ಬಂದಿದ್ದ ಯಾರದೋ ಕಾರನ್ನು ಬೇಡಿ ತಂದು ನಮ್ಮನ್ನೆಲ್ಲ ದಾವಣಗೆರೆಗೆ ಹೊರಡಿಸಿದರು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನೀಲನ ಕಣ್ಣಿನ ರೆಪ್ಪೆ ಎಳೆದು ನೋಡಿದರು, ಒಸಡು ನೋಡಿದರು, ಆಮೇಲೆ ಮುಚ್ಚಿಕೊಂಡಿದ್ದ ಮುಷ್ಟಿಯನ್ನು ಬಿಡಿಸಿದರು. ಒಳಗೆ ಬೋಳು ಮೀನು. ಅದನ್ನು ಎತ್ತಿ ಮೇಜಿನ ಮೇಲಿದ್ದ ಕಾಗದಕ್ಕೆ ಉಜ್ಜಿದರು. ಪೆನ್ಸಿಲಿನಂತೆ ಬೂದು ಗೆರೆ ಬಿತ್ತು.

"ಏನಿದು?"

ಅಪ್ಪ ಬಾಯಿ ತೆಗೆಯುವಷ್ಟರಲ್ಲಿ ಅಜ್ಜಿ ಮುಂದೆ ಬಂದಳು. ಇಷ್ಟು ಓದಿದ ಹೆಣ್ಣುಮಗಳು ತಮ್ಮ ಮನೆತನದ ಬಗ್ಗೆ ಏನಾದರೂ ತಪ್ಪು ತಿಳಿದುಕೊಂಡಾಳು ಎಂಬ ಕಳವಳ ಆಕೆಯ ಮುಖದಲ್ಲಿ ಎದ್ದು ಕಾಣುತ್ತಿತ್ತು.

"ಡಾಕ್ಟ್ರಮ್ಮ, ಅದು ಮೀನ್ ಮುಟ್ಟಿಲ್ರಿ. ಶುದ್ಧ ಐತೆ. ನಾನೇ ಕೇಳಿ, ನೋಡಿ ಒಳಗೆ ಬಿಟ್ಟಿರೋದು."

ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ಅವರು ಅಪ್ಪನನ್ನು ಕೇಳಿದರು, ಅಪ್ಪ ಎಲ್ಲ ಹೇಳಿದ. ಎಲ್ಲಿ ಕರಗಿಸುತ್ತೀರಿ, ಮಗು ಎಲ್ಲಿರುತ್ತದೆ, ಬಾಯಿಗೆ ಹಾಕುತ್ತದಾ, ಅಡುಗೆಯ ಪಾತ್ರೆ ಬೇರೆ ಇದೆಯಾ ಎಂದು ಅವರು ಒಂದೊಂದಾಗಿ ಕೇಳುತ್ತ ಹೋದರು. ಹೇಳುತ್ತ ಹೇಳುತ್ತ ಅಪ್ಪನ ದನಿ ಸಣ್ಣದಾಯಿತು. ಸೀಸ ವಿಷ ಎಂದರು ಅವರು. ಮೈಗೆ ಸೇರಿದರೆ ರಕ್ತವನ್ನೂ ಮಿದುಳನ್ನೂ ತಿನ್ನುತ್ತದೆ, ಮಕ್ಕಳಿಗೆ ಬಹಳ ಬೇಗ. ಬಣ್ಣ ಹಾಕಿದ ಮೀನಿನಲ್ಲಾದರೆ ಸೀಸ ಆ ಪದರದ ಒಳಗೇ ಇರುತ್ತದೆ. ಆ ಹೊಗೆ, ಆ ಧೂಳು, ಈ ಬೋಳು ತುಂಡು, ಇವೇ ಮಗುವಿನ ಹೊಟ್ಟೆಗೆ ಹೋಗಿರುವುದು. ರಕ್ತ ಪರೀಕ್ಷೆಗೆ ಕಳಿಸಿದರು, ಅವರ ಮಾತೇ ನಿಜವಾಯಿತು. ಔಷಧಿಗೆ ಬೆಂಗಳೂರಿಗೆ ಬರೆದುಕೊಟ್ಟರು. ಜೀವ ಉಳಿಯುತ್ತದೆ, ಹೋದ ಬುದ್ಧಿ ಎಷ್ಟು ವಾಪಸ್ಸು ಬರುತ್ತದೋ ಹೇಳಲಾರೆ ಎಂದರು. ಅಮ್ಮ ಅಳಲಿಲ್ಲ. ಆಸ್ಪತ್ರೆಗಳ ಓಡಾಟವೆಲ್ಲ ಮುಗಿದು, ಮಗು ಬದುಕಿತು ಎಂದು ಖಾತ್ರಿಯಾಗಿ, ಮನೆಗೆ ಬಂದು ನಡುಮನೆಯಲ್ಲಿ ಅಜ್ಜಿಯ ಎದುರು ನಿಂತ ಮೇಲೆ ಅವಳ ಬಾಯಿ ಬಿಚ್ಚಿತು.

"ಅತ್ತೆ, ಅದು ಮೀನ್ ಮುಟ್ಟಿದ್ರೆ ಒಳ್ಳೇದಿತ್ತು. ಮುಟ್ಟಿದ್ರೆ ನೀವು ಒಳಗೆ ಬಿಡ್ತಿರ್ಲಿಲ್ಲ. ನನ್ ಮಗು ನೆಟ್ಟಗಿರ್ತಿತ್ತು."

ಅಂದಿನಿಂದ ಅಜ್ಜಿಯ ಬಾಯಲ್ಲಿ ಮೈಲಿಗೆ ಎಂಬ ಶಬ್ದವನ್ನು ನಾನು ಕೇಳಲಿಲ್ಲ. ಯಾರು ಏನು ಕೊಟ್ಟರೂ ತಿಂದಳು, ಯಾರು ಒಳಗೆ ಬಂದರೂ ಸುಮ್ಮನಿದ್ದಳು. ಖಲೀಲ್ ಸಾಬರು ಬಂದು ಪಡಸಾಲೆಯಲ್ಲಿ ಕೂತು "ನಾನೇ ತಂದ್ಕೊಟ್ಟೆನಲ್ಲಮ್ಮ" ಎಂದು ಬಿಕ್ಕಿದಾಗ ಆಕೆಯೇ ಎದ್ದು ನೀರು ತಂದು "ಕುಡೀರಿ" ಎಂದಳು. ಉಳಿದ ದಿನಗಳನ್ನೆಲ್ಲ ಆಕೆ ನೀಲನ ಕೈ ತೊಳೆಯುವುದರಲ್ಲೇ ಕಳೆದಳು. ಬೆಳಗ್ಗೆ ತೊಳೆದಳು, ಊಟಕ್ಕೆ ಮುಂಚೆ ತೊಳೆದಳು, ಪೂಜೆಯ ನಡುವೆ ಎದ್ದು ಬಂದು ತೊಳೆದಳು. ಆ ಮಗುವಿನ ಅಂಗೈ ಚರ್ಮ ಸುಕ್ಕುಗಟ್ಟಿ ಮುದುಕಿಯ ಕೈಯಂತಾಗಿತ್ತು. ಅಪ್ಪ ಅಚ್ಚಿನ ಕಲ್ಲುಗಳನ್ನು ಒಡೆದ, ಬಚ್ಚಲ ನೆಲವನ್ನು ಅಗೆದು ಹೊಸದಾಗಿ ಹಾಕಿಸಿದ, ಮತ್ತೆ ಗೇಟುಗಳಿಗೇ ಹೋದ. ಕಿವಿ ಮಾತ್ರ ಶೆಡ್ಡಿನಲ್ಲೇ ತೊಳೆದುಕೊಂಡು ಬರುತ್ತಿದ್ದ. ಓವನ್ನನ್ನು ಗುಜರಿಯವನು ಕೇಳಿದಾಗ ಅಮ್ಮ ಕೊಡಲಿಲ್ಲ. ಅವನು ಇನ್ಯಾರಿಗೋ ಮಾರುತ್ತಾನೆ, ಅವರು ಅದರಲ್ಲಿ ಮಕ್ಕಳಿಗೆ ಏನೋ ಬೇಯಿಸುತ್ತಾರೆ ಎಂದಳು. ಗುಂಡುಕಲ್ಲು ತಂದು ಅದು ಚಪ್ಪಟೆಯಾಗುವವರೆಗೂ ಹಿತ್ತಲಲ್ಲಿ ಕೂತು ಜಜ್ಜಿದಳು. ನಾನು ಅವಳ ಪಕ್ಕದಲ್ಲಿ ಕೂತಿದ್ದೆ, ಕಿವಿ ಮುಚ್ಚಿಕೊಂಡಿರಲಿಲ್ಲ.

ನಮ್ಮ ಮನೆಗೆ ಗೇಟು ಬಂದದ್ದು ಆಮೇಲೆ. ನೀಲ ಗುರಿಯಿಲ್ಲದೆ ನಡೆದುಬಿಡುತ್ತಿದ್ದಳು, ಬಿದಿರಿನ ಕೆಳಗೆ ನುಸುಳಿ ಧರ್ಮಪುರದ ಬಸ್ಸುಗಳು ಓಡಾಡುವ ರಸ್ತೆಗೆ ಹೋಗಿ ನಿಲ್ಲುತ್ತಿದ್ದಳು. ಅಪ್ಪ ಗೇಟು ಮಾಡಿಸಿ, ಕೆಂಪು ಪುಡಿ ಹಾಕಿ, ಭಟ್ಟಿಯಲ್ಲಿ ಬೇಯಿಸಿ, ತಾನೇ ಹೊತ್ತು ತಂದು ನಿಲ್ಲಿಸಿದ. ಊರಿನಲ್ಲೆಲ್ಲ ಅಷ್ಟು ಚೆನ್ನಾಗಿ ಕೂತ ಬಣ್ಣ ಇನ್ನೊಂದಿರಲಿಲ್ಲ. ನೀಲನನ್ನು ಎತ್ತಿ ಅದರ ಎದುರು ನಿಲ್ಲಿಸಿಕೊಂಡು ಮೊಣಕಾಲೂರಿದ.

"ನೋಡು ಪುಟ್ಟಿ. ಇದ್ಯಾವ ಬಣ್ಣ ಹೇಳು. ನಿಂಗ್ ಗೊತ್ತೈತೆ, ಹೇಳು."

ನೀಲ ಗೇಟನ್ನು ನೋಡಿದಳು, ಅಪ್ಪನನ್ನು ನೋಡಿದಳು. ಮುಟ್ಟಲು ಕೈ ಚಾಚಿ ಅರ್ಧಕ್ಕೇ ನಿಲ್ಲಿಸಿದಳು. ಬಹಳ ತಡಕಾಡಿ, ಸಿಕ್ಕಿದ್ದನ್ನು ಹೇಳಿದಳು.

"ಮೀನ್ ಮುಟ್ಟೈತಾ?"

ಅಪ್ಪ ಗೇಟಿನ ಸರಳು ಹಿಡಿದುಕೊಂಡು ಅಲ್ಲೇ ಕೂತುಬಿಟ್ಟ. ಅವನು ಅಳುವುದನ್ನು ನಾನು ನೋಡಿದ್ದು ಅದೊಂದೇ ಸಲ.

ಅಜ್ಜಿ, ಅಪ್ಪ, ಅಮ್ಮ ಯಾರೂ ಈಗಿಲ್ಲ. ನೀಲ ನನ್ನ ಜೊತೆ ಹೊಳಲ್ಕೆರೆಯಲ್ಲಿದ್ದಾಳೆ, ಕೂದಲು ಅಲ್ಲಲ್ಲಿ ನೆರೆತಿದೆ. ನಾನು ಮದುವೆಯಾಗಿ ಬಂದ ಮನೆಯವರು ಅವಳನ್ನು ಬೇಡ ಎನ್ನಲಿಲ್ಲ, ಅದು ನನ್ನ ಪುಣ್ಯ. ಕೆಲವು ಮಾತು ಕಲಿತಿದ್ದಾಳೆ, ಬೇಕಾದ್ದು ಕೇಳುತ್ತಾಳೆ, ಬಟ್ಟೆ ಮಡಚುತ್ತಾಳೆ. ಬಣ್ಣಗಳ ಹೆಸರು ಮಾತ್ರ ಒಂದೂ ಬರಲಿಲ್ಲ. ಹೊಸದಾಗಿ ಬಂದ ನೆಂಟರು ಅವಳ ಪ್ರಶ್ನೆ ಕೇಳಿ ಗಲಿಬಿಲಿಗೊಳ್ಳುತ್ತಾರೆ, ಸಸ್ಯಾಹಾರಿಗಳ ಮನೆಯಲ್ಲಿ ಇದೇನು ಮಾತು ಎಂದು ನನ್ನ ಮುಖ ನೋಡುತ್ತಾರೆ. ನಾನು ವಿವರಿಸುವುದಿಲ್ಲ. ನಿನ್ನೆಯೂ ತಟ್ಟೆಗೆ ಮುದ್ದೆ, ಸೊಪ್ಪಿನ ಸಾರು ಬಡಿಸಿ ಅವಳ ಮುಂದೆ ಇಟ್ಟೆ. ಬಡಿಸುವ ಮೊದಲು ತಟ್ಟೆ ತೊಳೆದಿದ್ದೆ, ಅವಳ ಕೈ ತೊಳೆಸಿದ್ದೆ, ನನ್ನ ಕೈ ತೊಳೆದಿದ್ದೆ. ಅವಳು ತಟ್ಟೆಯನ್ನು ನೋಡಿ, ತಲೆ ಎತ್ತಿ ನನ್ನನ್ನು ಕೇಳಿದಳು.

"ಅಕ್ಕ, ಮೀನ್ ಮುಟ್ಟೈತಾ?"

"ಇಲ್ಲ ಕಣವ್ವ," ಎಂದೆ. "ಮುಟ್ಟಿಲ್ಲ. ಉಣ್ಣು."

ಅವಳು ನಂಬಿ ಉಂಡಳು.